ತೊಟ್ಟಿಲಿಗೆ ಪೇಚು ತಂದದ್ದು

7ನೇ ತರಗತಿ ವಿದ್ಯಾರ್ಥಿನಿ, ಜಿಡಗಾ

ಗೋಡೆ ಪತ್ರಿಕೆಗೆ ಈ ಸಲ ನೀನೂ ಬರಿ ಎಂದು ಕನ್ನಡ ಸರ್ ನನಗೆ ಹೇಳಿದರು. ನಮ್ಮ ತರಗತಿಯವರು ಮಠದ ಜಾತ್ರೆ, ಮಳೆಗಾಲ, ನಾನು ಕಂಡ ಕನಸು ಎಲ್ಲವನ್ನೂ ಬರೆದು ಮುಗಿಸಿದ್ದಾರೆ. ನನಗೆ ಏನೂ ಉಳಿದಿರಲಿಲ್ಲ. "ಸರ್, ನಾ ಪೇಚಿನ ಬಗ್ಗೆ ಬರೀತೀನ್ರಿ" ಅಂದೆ. ಎಲ್ಲರೂ ನಕ್ಕರು. ಸರ್ ಮಾತ್ರ ನಗಲಿಲ್ಲ. "ಪಟದ ಪೇಚೋ, ಕಟ್ಟಿಗಿ ಪೇಚೋ?" ಎಂದು ಕೇಳಿದರು. "ಕಟ್ಟಿಗಿ ಪೇಚ್ರಿ" ಅಂದೆ. "ಹಂಗಾದ್ರ ಬರಿ" ಅಂದರು. ಪುಸ್ತಕದಲ್ಲಿ ಇದಕ್ಕೆ ತಿರುಪು ಮೊಳೆ ಅಂತಾರೆ, ಪ್ಯಾಟ್ಯಾಗ ಸ್ಕ್ರೂ ಅಂತಾರೆ. ನಮ್ಮ ಮನೆಯಲ್ಲಿ ಪೇಚು.

ನಮ್ಮ ಮುತ್ಯಾ ಬಡಿಗತನ ಮಾಡುತ್ತಿದ್ದ. ಬಂಡಿ, ಕುಂಟಿ, ಕೂರಿಗಿ ಎಲ್ಲಾ ಮಾಡಿದ್ದಾನೆ. ಈಗ ಟ್ರ್ಯಾಕ್ಟರ್ ಬಂದು ಬಂಡಿ ಕೇಳುವವರಿಲ್ಲ, ಮುತ್ಯಾನ ಕಣ್ಣಿಗೂ ಪೊರೆ ಬಂದಿದೆ. ಅಪ್ಪ ಪುಣೆಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದಾನೆ. ಹಿಂಗಾಗಿ ಮನೆಯಲ್ಲಿ ಸುತ್ತಿಗಿ, ಪೇಚಕಸ್ ಹಿಡಿಯುವವಳು ನಾನೇ.

ಅಕ್ಕ ಬಾಣಂತನಕ್ಕೆ ಬಂದಳು. ಗಂಡು ಕೂಸು. ಅಟ್ಟದ ಮೇಲಿದ್ದ ತೊಟ್ಟಿಲು ಇಳಿಸಿದೆವು. ಅದನ್ನು ಮುತ್ಯಾ ಬಂಡಿಗೆ ತಂದ ಜಾಲಿ ಕಟ್ಟಿಗೆಯಲ್ಲಿ ಮಾಡಿದ್ದು. ಅಪ್ಪ, ಅಕ್ಕ, ನಾನು ಎಲ್ಲರೂ ಅದರಲ್ಲಿ ಮಲಗಿದವರೇ. ತೊಟ್ಟಿಲ ನಾಲ್ಕು ಮೂಲೆಗೆ ನಾಲ್ಕು ಗಿಡ್ಡ ಕಾಲು. ಕಾಲಿಗೆ ಕಬ್ಬಿಣದ ಪಟ್ಟಿ, ಪಟ್ಟಿಗೆ ಕೊಂಡಿ, ಕೊಂಡಿಗೆ ಸರಪಳಿ. ಒಂದೊಂದು ಪಟ್ಟಿಗೆ ಎರಡು ಪೇಚು, ಒಟ್ಟು ಎಂಟು. ಎಂಟೂ ಜಂಗು ತಿಂದು ಹಾಳಾಗಿದ್ದವು. ಮನೆಯೊಳಗಿದ್ದ ಪೇಚಿಗೆ ಇಷ್ಟು ಜಂಗು ಹೇಗೆ ಬಂತು ಎಂದು ಕೇಳಿದೆ. "ನಿಮ್ಮಪ್ಪ ಉಚ್ಚಿ ಹೊಯ್ದಾನ, ನಿಮ್ಮಕ್ಕ ಹೊಯ್ದಾಳ, ನೀ ಏನ್ ಕಮ್ಮಿ ಹೊಯ್ದೇನು?" ಅಂದ ಮುತ್ಯಾ. ಇದನ್ನು ಬರೀಬ್ಯಾಡ ಎಂದು ಅವ್ವ ಹೇಳಿದ್ದಾಳೆ. ಆದರೆ ಇದು ಮುಂದೆ ಬೇಕಾಗುತ್ತದೆ, ಅದಕ್ಕೆ ಬರೆದೆ.

ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಮೊಳೆ ಸಿಗುತ್ತವೆ, ಪೇಚು ಸಿಗುವುದಿಲ್ಲ. ಅವ್ವನ ಜೊತೆ ಆಳಂದಕ್ಕೆ ಹೋದಾಗ ಒಂದು ಅಂಗಡಿಯಲ್ಲಿ (ಹೆಸರು ಬರೆಯುವುದಿಲ್ಲ) "ಪೇಚು ಕೊಡ್ರಿ" ಅಂದೆ. ಅಲ್ಲಿದ್ದ ಹುಡುಗ ಮೊಬೈಲ್ ನೋಡುತ್ತಲೇ ಕರಿ ಪೇಚಿನ ಒಂದು ಪೊಟ್ಟಣ ಕೊಟ್ಟ. ನೋಡಲಿಕ್ಕೆ ಬಹಳ ಛಂದ ಇದ್ದವು. ಕಪ್ಪಗೆ ಮಿರಿಮಿರಿ, ಮೊನೆ ಸೂಜಿ ಇದ್ದಂಗ. ನಾನು ಖುಷಿಯಿಂದ ತಂದೆ.

ಹಳೆಯ ತೂತುಗಳು ಸಡಿಲಾಗಿದ್ದವು. ಅದಕ್ಕೆ ನಾನು ಪಟ್ಟಿಗಳನ್ನು ಕಾಲಿನ ಪಕ್ಕದಿಂದ ತೆಗೆದು ಕಾಲಿನ ತಲೆಯ ಮೇಲೆ ಕೂಡಿಸಿದೆ. ಜಾಲಿ ಕಟ್ಟಿಗೆ ಎಂದರೆ ಕಲ್ಲು. ಪೇಚು ತಿರುಗಲೇ ಇಲ್ಲ. ಆಗ ಸುತ್ತಿಗಿಯಿಂದ ಅರ್ಧ ಬಡಿದು, ಉಳಿದರ್ಧ ಪೇಚಕಸ್‌ನಿಂದ ತಿರುವಿದೆ. ಊರಲ್ಲಿ ಎಲ್ಲರೂ ಹಾಗೇ ಮಾಡುವುದನ್ನು ನೋಡಿದ್ದೇನೆ. ಎರಡು ಪೇಚಿನ ತಲೆ ಪಟ್ ಅಂತ ಮುರಿದು ಹೋದವು. ನಾನು ಆ ಎರಡನ್ನು ಹಾಗೇ ಬಿಟ್ಟೆ. ಯಾರಿಗೂ ಹೇಳಲಿಲ್ಲ.

ಸಂಜೆ ಅಕ್ಕ ಕೂಸನ್ನು ಮಲಗಿಸಲು ಬಂದಳು. ಮುತ್ಯಾ ಬೇಡ ಅಂದ. "ಮದ್ಲ ಜ್ವಾಳ ಮಲಗಸು, ಆಮ್ಯಾಲ ಕೂಸು." ಹತ್ತು ಕಿಲೋ ಜೋಳದ ಚೀಲ ಇಟ್ಟು ತೂಗಿದೆ. ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ. ಹನ್ನೊಂದಕ್ಕೆ ಒಂದು ಮೂಲೆ ಕಿತ್ತು ಬಂದು ತೊಟ್ಟಿಲು ಧಡ್ ಎಂದು ನೆಲಕ್ಕೆ ಬಡಿಯಿತು. ಜೋಳ ಪಡಸಾಲೆ ತುಂಬ ಚೆಲ್ಲಿತು. ಕೋಳಿಗಳಿಗೆ ಹಬ್ಬ. ಅವ್ವ ಬೈಯುತ್ತ ಬಂದಳು. ಅಕ್ಕ ಮಾತ್ರ ಏನೂ ಅನ್ನಲಿಲ್ಲ. ಚೆಲ್ಲಿದ ಜೋಳ ನೋಡಿದಳು, ಕೂಸಿನ ತಲೆ ಮೇಲೆ ಸೆರಗು ಹೊದಿಸಿಕೊಂಡು ಒಳಗೆ ಹೋದಳು. ಬೈದಿದ್ದರೆ ಚಲೋ ಇತ್ತು.

ಎಲ್ಲರೂ ಹೋದ ಮೇಲೆ ಮುತ್ಯಾ ನೆಲದ ಮೇಲೆ ಕೂತು ನಾಲ್ಕು ಮೂಲೆಗಳನ್ನೂ ಬೆರಳಿನಿಂದ ಸವರಿದ. ಅವನಿಗೆ ಕಣ್ಣಿಗಿಂತ ಬೆರಳೇ ಹೆಚ್ಚು ಕಾಣುತ್ತವೆ. "ಇಲ್ಲಿ ತಲಿನೇ ಇಲ್ಲಲ್ಲ? ಇಲ್ಲೂ ಇಲ್ಲ" ಅಂದ. ನನಗೆ ಅಳು ಬಂತು. ಮುರಿದದ್ದು ಹೌದು, ಹೇಳಲಿಲ್ಲ ಅಂದೆ. ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಅರ್ಧ ತಪ್ಪ ಪೇಚಿಂದು, ಅರ್ಧ ನಿಂದು. ನಾಡ್ದಿಗೆ ಗುಲ್ಬರ್ಗಾಕ್ಕ ಹೋಗಮು" ಅಂದ. ಕೂಸಿಗೆ ಹೆಸರಿಡುವ ದಿನ ಐದೇ ದಿನ ಇತ್ತು. (2014ರಲ್ಲಿ ಸರ್ಕಾರ ಕಲಬುರಗಿ ಎಂದು ಹೆಸರು ಬದಲಿಸಿದೆ. ಮುತ್ಯಾ ಬದಲಿಸಿಲ್ಲ.)

ಬಸ್ಸಿನಲ್ಲಿ ನನಗೆ ಸೊನ್ನೆ ಟಿಕೆಟ್. 2023ರಿಂದ ಹೆಣ್ಣುಮಕ್ಕಳಿಗೆ ಉಚಿತ ಇದೆ. ಮುತ್ಯಾ ರೊಕ್ಕ ಕೊಟ್ಟು ಟಿಕೆಟ್ ತೆಗೆಸಿದ. "ನಾ ಭೀ ಸೀರಿ ಉಟ್ಕೊಂಡ್ ಬರಬೇಕಾಗಿತ್ತು" ಅಂದಾಗ ಕಂಡಕ್ಟರ್ ಸಹ ನಕ್ಕರು. ನನ್ನ ಚೀಲದಲ್ಲಿ ಶಾಲೆಯ ಅಯಸ್ಕಾಂತ ಇತ್ತು. ವಿಜ್ಞಾನ ಟೀಚರ್ ಹತ್ತಿರ ಕೇಳಿಯೇ ತೆಗೆದುಕೊಂಡಿದ್ದೆ, ಕದ್ದಿಲ್ಲ.

ಕಲಬುರಗಿ ಬಜಾರದಲ್ಲಿ ಮೊದಲು ಒಂದು ದೊಡ್ಡ ಅಂಗಡಿಗೆ ಹೋದೆವು. ಗಾಜಿನ ಬಾಗಿಲು, ದೀಪಗಳು. ಪೇಚು ಅಂದ ಕೂಡಲೇ ನೂರರ ಡಬ್ಬಿ ಮುಂದಿಟ್ಟರು. ಮುತ್ಯಾ ಏನೂ ಕೇಳದೆ ಹೊರಗೆ ಬಂದ. ಗಲ್ಲಿಯೊಳಗೆ ಒಂದು ಸಣ್ಣ ಅಂಗಡಿ ಇತ್ತು. ಕೀಲು, ಕೊಂಡಿ, ಚಿಲಕ ಎಲ್ಲ ಬಾಗಿಲಿಗೇ ನೇತು ಹಾಕಿದ್ದರು. ಅಲ್ಲಿ ಒಬ್ಬ ಚಾಚಾ ಕೂತಿದ್ದರು. ಪೇಚು ಬೇಕು ಅಂದೆ. ಅವರು ಏನೂ ತೆಗೆಯಲಿಲ್ಲ. "ಯಾ ಕಟ್ಟಿಗಿ, ಬೇಟಿ? ಎದಕ್ಕ ಬೇಕು?" ಎಂದು ಕೇಳಿದರು. ಮುತ್ಯಾ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. "ಇಲ್ಲೇ ತಗೊಳ್ಳಮು" ಅಂದ. ಇನ್ನೂ ಒಂದು ಪೇಚನ್ನೂ ನೋಡಿರಲಿಲ್ಲ! ಆಮೇಲೆ ಕೇಳಿದಾಗ, ಯಾವ ಕಟ್ಟಿಗಿ ಅಂತ ಕೇಳದೇ ಪೇಚು ಕೊಡುವವನು ರೋಗ ಕೇಳದೇ ಗುಳಿಗಿ ಕೊಡುವವನಿದ್ದಂಗ ಎಂದು ಹೇಳಿದ.

ನಾನು ಕರಿ ಪೇಚು ತೋರಿಸಿದೆ. ಚಾಚಾ ನೋಡಿ, "ಇದು ಕಟ್ಟಿಗಿದಲ್ಲ ಬೇಟಿ, ಛತ್ತಿಗಿ ಹಚ್ಚತಾರಲ್ಲ ಜಿಪ್ಸಮ್ ಸೀಟು, ಅದರದು" ಅಂದರು. ಈ ಕರಿ ಪೇಚಿನ ಉಕ್ಕು ಬಹಳ ಗಡಸು. ಗಡಸು ಇರುವುದಕ್ಕೇ ಬಾಗುವುದಿಲ್ಲ, ಮುರಿಯುತ್ತದೆ. ಮೆತ್ತನೆ ಸೀಟಿಗೆ ಚಲೋ, ಜಾಲಿಗೆ ಹಾಕಿದರೆ ತಲೆ ಹಾರುತ್ತದೆ.

ಆಮೇಲೆ ಮೂರು ತರಹದ ಪೇಚು ಮುಂದಿಟ್ಟರು. ಕಬ್ಬಿಣದ್ದು, ಹಿತ್ತಾಳೆಯದು, ಸ್ಟೀಲಿನದು. ಹಳದಿ ಪೇಚಿಗೆ ನಾನು ಅಯಸ್ಕಾಂತ ಹಿಡಿದೆ. ಒಂದು ಡಬ್ಬಿಯವು ಅಂಟಲಿಲ್ಲ, ಇನ್ನೊಂದು ಡಬ್ಬಿಯವು ಟಕ್ ಎಂದು ಅಂಟಿದವು. ಅಂಟಿದವು ಕಬ್ಬಿಣ, ಮೇಲೆ ಮಾತ್ರ ಹಳದಿ ಲೇಪ. ಚಾಚಾ ಸಿಟ್ಟಾಗಲಿಲ್ಲ. "ಅವು ಸೋವಿವು, ಸೋವಿ ಅಂತಲೇ ಮಾರತೀನಿ. ಯಾ ಸಾಲಿ ನಿಂದು?" ಎಂದು ಕೇಳಿದರು. ಸ್ಟೀಲಿನ ಪೇಚಿಗೂ ಹಿಡಿದೆ, ಅಂಟಲಿಲ್ಲ. ಆದರೆ ಅಯಸ್ಕಾಂತಕ್ಕೆ ಅಂಟುವ ಸ್ಟೀಲೂ ಇರುತ್ತದೆ, ಅದನ್ನು ಖೋಟಾ ಅನ್ನಬ್ಯಾಡ ಎಂದು ಅವರು ಹೇಳಿದರು. ಇದು ನಮ್ಮ ಪಾಠದಲ್ಲಿ ಇಲ್ಲ. ಟೀಚರ್‌ಗೆ ಹೇಳಿದ್ದೇನೆ.

ನನಗೆ ಹಿತ್ತಾಳೆಯವು ಇಷ್ಟವಾದವು. ಮುತ್ಯಾ ಬೇಡ ಅಂದ. ಹಿತ್ತಾಳಿ ಮೆತ್ತಗೆ, ಜಾಲಿಯಲ್ಲಿ ತಿರುವಿದರೆ ಮುರಿಯುತ್ತದೆ. ಹಾಕಲೇಬೇಕಾದರೆ ಮೊದಲು ಅದೇ ಅಳತೆಯ ಕಬ್ಬಿಣದ ಪೇಚು ಹಾಕಿ ತೆಗೆದು, ದಾರಿ ಆದ ಮೇಲೆ ಹಿತ್ತಾಳಿ ಹಾಕಬೇಕಂತೆ. ಕಬ್ಬಿಣ ಗಟ್ಟಿ, ಆದರೆ ಉಚ್ಚಿಯ ಮಾತು ಮೇಲೆ ಬರೆದಿದ್ದೇನೆ. ಅದಕ್ಕೆ ಸ್ಟೀಲೇ ಆಯಿತು.

ಅಳತೆ ಕೇಳುವಾಗ ನಂಬರ್ ಹೇಳಬೇಕು. ನಂಬರ್ ಹೆಚ್ಚಾದಂತೆ ಪೇಚು ದಪ್ಪ. 6 ನಂಬರ್ ಸುಮಾರು ಮೂರೂವರೆ ಮಿಲಿಮೀಟರ್, 8 ನಂಬರ್ ನಾಲ್ಕು ಮಿಲಿಮೀಟರಿಗೆ ತುಸು ಹೆಚ್ಚು. ಉದ್ದ ಬೇರೆ ಹೇಳಬೇಕು. ನಮ್ಮ ತೊಟ್ಟಿಲ ಕಾಲು ಎರಡು ಇಂಚು ದಪ್ಪ. ನಾವು 8 ನಂಬರ್, ಒಂದೂಕಾಲು ಇಂಚು, ಅಂದರೆ 32 ಮಿಲಿಮೀಟರ್ ತೆಗೆದುಕೊಂಡೆವು. ಎರಡೂವರೆ ಇಂಚು ತಂದಿದ್ದರೆ ಮೊನೆ ಕೂಸಿನ ಕಡೆ ಹೊರಗೆ ಬರುತ್ತಿತ್ತು. ಅದನ್ನು ನೆನೆಸಿದರೆ ಈಗಲೂ ಹೆದರಿಕೆ.

ಮುತ್ಯಾ ಒಂದೊಂದೇ ಪೇಚು ಉಗುರಿನಿಂದ ಕೆರೆದು ನೋಡಿದ. ಸುತ್ತು (ಅದಕ್ಕೆ ಚೂಡಿ ಅಂತಾರೆ) ಚೂಪಾಗಿರಬೇಕು, ಉಗುರಿಗೆ ತಾಗಬೇಕು. ತಲೆಯ ಗುರುತು ನಟ್ಟನಡುವೆ ಇರಬೇಕು. ಅಂಗೈಯ ಮೇಲೆ ಉರುಳಿಸಿದರೆ ಮೊನೆ ಅಡ್ಡಾಡಬಾರದು. ಎರಡನ್ನು ವಾಪಸ್ ಇಟ್ಟ. ನೂರರ ಡಬ್ಬಿ ಬೇಡ ಅಂದಾಗ ಚಾಚಾ ತೊಟ್ಟಿಲಿಗೆ ಎಂದು ಬಿಡಿಯಾಗಿ ಹನ್ನೆರಡು ಕೊಟ್ಟರು. ಒಂದಕ್ಕೆ ಮೂರು ರೂಪಾಯಿ, 36 ರೂಪಾಯಿ ಆಯಿತು. ತಲೆ ಮೇಲೆ ಪ್ಲಸ್ ಗುರುತು ಇದ್ದುದರಿಂದ ಪ್ಲಸ್ ಪೇಚಕಸ್ ಸಹ ಕೊಳ್ಳಬೇಕಾಯಿತು. ಮುತ್ಯಾನ ಕಾಲದಲ್ಲಿ ಎಲ್ಲಾ ಒಂದೇ ಗೀರು. ಪ್ಲಸ್ ತಲೆಗೆ ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದರು ಎಂದು ಟೀಚರ್ ಹೇಳಿದರು.

ಹಾಕುವುದು ಮುತ್ಯಾ ಹೇಳಿಕೊಟ್ಟ, ಮಾಡಿದ್ದು ನಾನು. ಪಟ್ಟಿಯನ್ನು ಮತ್ತೆ ಕಾಲಿನ ಪಕ್ಕಕ್ಕೆ ತಂದೆವು, ಹಳೆಯ ತೂತಿಗಿಂತ ಎರಡು ಬೆರಳು ಕೆಳಗೆ. ಕಾಲಿನ ತಲೆಯಲ್ಲಿ ಕಟ್ಟಿಗೆಯ ಎಳೆಗಳು ನಿಂತಿರುತ್ತವೆ. ಅವುಗಳ ನಡುವೆ ಪೇಚು ಹೊಕ್ಕರೆ ಎಳೆದಾಗ ಸರಕ್ಕನೆ ಬರುತ್ತದೆ. ಪಕ್ಕದಲ್ಲಿ ಹಾಕಿದರೆ ಪೇಚು ಎಳೆಗಳನ್ನು ಕತ್ತರಿಸಿಕೊಂಡು ಅಡ್ಡ ಕೂಡುತ್ತದೆ, ಭಾರವೂ ಅದರ ಮೇಲೆ ಅಡ್ಡಲಾಗಿ ಬೀಳುತ್ತದೆ. ಇದೇ ನನ್ನ ಅರ್ಧ ತಪ್ಪು. ಸುತ್ತಿಗಿ ಇನ್ನೊಂದು. ಬಡಿದರೆ ಚೂಡಿ ಕೂಡುವ ಜಾಗವೇ ಹರಿದು ಹೋಗುತ್ತದೆ.

ಬೈರಿಗೆಯಿಂದ ಮೊದಲು ಪೇಚಿಗಿಂತ ಸಣ್ಣ ತೂತು. ಎಷ್ಟು ಆಳ ಎಂದು ತಿಳಿಯಲು ಬೈರಿಗೆಯ ಮೊನೆಗೆ ನೂಲು ಸುತ್ತಿದೆವು, ನೂಲು ಕಟ್ಟಿಗೆಗೆ ಮುಟ್ಟಿದರೆ ಸಾಕು. ಪೇಚಿಗೆ ಮೇಣಬತ್ತಿ ಉಜ್ಜಿ ತಿರುವಿದೆ. ಕಲ್ಲಿನಂಥ ಜಾಲಿಯೊಳಗೆ ಬೆಣ್ಣೆ ಹೊಕ್ಕಂಗ ಹೋಯಿತು. ಗೆಳೆಯರೇ, ಕಾಗದದ ತ್ರಿಕೋನವೊಂದನ್ನು ಪೆನ್ಸಿಲಿಗೆ ಸುತ್ತಿ ನೋಡಿ. ಅದರ ಇಳಿಜಾರು ಅಂಚು ಪೇಚಿನ ಚೂಡಿಯಂತೆ ಕಾಣುತ್ತದೆ. ಸರಳ ಯಂತ್ರಗಳ ಪಾಠದ ಇಳಿಜಾರು ಹಲಗೆ ನನಗೆ ಅರ್ಥವಾದದ್ದು ಅವತ್ತೇ.

ಎಂಟೂ ಹಾಕಿದ ಮೇಲೆ ಇಪ್ಪತ್ತು ಕಿಲೋ ಜೋಳ ಇಟ್ಟು ನೂರು ಸಲ ತೂಗಿದೆ. ಏನೂ ಆಗಲಿಲ್ಲ. "ಈಗ ನೀನೇ ಕುಂದ್ರು" ಅಂದ ಮುತ್ಯಾ. ಕಾಲು ಮಡಚಿ ಕೂತೆ, ಮುತ್ಯಾ ತೂಗಿದ. ಓಣಿಯ ಹುಡುಗರು ನೋಡಿ ಇನ್ನೂ ಅಣಕಿಸುತ್ತಾರೆ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಇಳಿದ ಮೇಲೆ ಬಂದು ನಾಲ್ಕೂ ಮೂಲೆಯನ್ನು ಕೈಯಿಂದ ಜಗ್ಗಿ ನೋಡಿದಳು. ಆಮೇಲೆ ಕೌದಿ ಹಾಸಿ ಕೂಸನ್ನು ಮಲಗಿಸಿದಳು.

ಇನ್ನೊಂದು ಮಾತು. ಹೋದ ವಾರ ಆಳಂದದಲ್ಲಿ ಬೇರೆ ಅಂಗಡಿಯೊಂದರಲ್ಲಿ ಅದೇ 8 ನಂಬರಿನ ಸ್ಟೀಲ್ ಪೇಚು ನೋಡಿದೆ. ಮೊದಲೇ ಕೇಳಿಕೊಂಡು ಹೋಗಿದ್ದರೆ ಮುತ್ಯಾನ ಬಸ್ ರೊಕ್ಕ ಉಳಿಯುತ್ತಿತ್ತು.

ಹನ್ನೆರಡರಲ್ಲಿ ನಾಲ್ಕು ಪೇಚು ನನ್ನ ಕಂಪಾಸ್ ಪೆಟ್ಟಿಗೆಯಲ್ಲಿವೆ. ನೀವು ಈಗ ಓದುತ್ತಿರುವ ಈ ಹಲಗೆಯ ಬಲಗಡೆಯ ಕೆಳಗಿನ ಮೂಲೆ ಅಲ್ಲಾಡಿಸಿ ನೋಡಿ. ಅಲ್ಲಿ ಬರೀ ಮೊಳೆ ಇದೆ, ಅರ್ಧ ಹೊರಗೆ ಬಂದಿದೆ. ಸರ್ ಅನುಮತಿ ಕೊಟ್ಟರೆ ಶನಿವಾರ ಬೈರಿಗೆ ತರುತ್ತೇನೆ.