ಸಗಣಿ ಸುಟ್ಟವರು

ಇವತ್ತು ಸಗಣಿಯ ಬಗ್ಗೆ ಬರೀತಾ ಇದ್ದೀನಿ. ಮೂಗು ಮುಚ್ಚಿಕೊಳ್ಳೋರು ಮುಚ್ಚಿಕೊಳ್ಳಿ, ಅಡ್ಡಿ ಇಲ್ಲ. ಕೊನೇ ತನಕ ಓದಿದರೆ ಸಾಕು :)

ಪ್ರಾಚೀನ ಕಾಲ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಈಜಿಪ್ಟಿನ ಪಿರಮಿಡ್ಡು, ಹರಪ್ಪದ ಇಟ್ಟಿಗೆ, ಹೆಚ್ಚೆಂದರೆ ಬಾದಾಮಿಯ ಗುಹೆ. ಶಾಲೆಯ ಪುಸ್ತಕದಲ್ಲೂ ಅಷ್ಟೆ. ಕದಂಬರಿಗಿಂತ ಹಿಂದೆ ಕರ್ನಾಟಕದಲ್ಲಿ ಏನಿತ್ತು ಅನ್ನೋದಕ್ಕೆ ಒಂದೂವರೆ ಪ್ಯಾರಾ, ಅದರಲ್ಲಿ ಅರ್ಧ ಅಶೋಕನ ಶಾಸನಕ್ಕೆ. ಆದರೆ ಪಿರಮಿಡ್ಡಿನ ಕಲ್ಲುಗಳನ್ನು ಎಳೆದು ಏರಿಸುತ್ತಿದ್ದ ಸುಮಾರಿಗೇ ನಮ್ಮ ಬಳ್ಳಾರಿ, ರಾಯಚೂರು, ಯಾದಗಿರಿಯ ಬಯಲುಗಳಲ್ಲಿ ಜನ ಇನ್ನೊಂದು ತರಹದ ಗುಡ್ಡ ಎಬ್ಬಿಸುತ್ತಾ ಇದ್ದರು. ಕಲ್ಲಿನಿಂದಲ್ಲ, ಸಗಣಿಯಿಂದ. ತಂದು ಗುಡ್ಡೆ ಹಾಕಿ, ಬೆಂಕಿ ಇಟ್ಟು, ಆ ಬೂದಿಯ ಮೇಲೆ ಮತ್ತೆ ಗುಡ್ಡೆ ಹಾಕಿ, ಮತ್ತೆ ಬೆಂಕಿ ಇಟ್ಟು... ಹೀಗೆ ಎದ್ದ ಬೂದಿ ದಿಬ್ಬಗಳು ಕರ್ನಾಟಕ, ಆಂಧ್ರ, ತೆಲಂಗಾಣದಲ್ಲಿ ಸೇರಿ ನೂರಕ್ಕೂ ಹೆಚ್ಚು ಗೊತ್ತಾಗಿವೆ. ಕೆಲವು ಎಂಟು-ಹತ್ತು ಮೀಟರ್ ಎತ್ತರ ಇದ್ದಂಥವು.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಅಂತ ಊರು ಸಿಗುತ್ತೆ. ಆ ರಸ್ತೆಯಲ್ಲಿ ಹಂಪಿಗೆ ಹೋಗೋರು ಎಷ್ಟೋ ಸಾವಿರ ಜನ. ಕುಡತಿನಿಯ ಬೂದಿ ದಿಬ್ಬ ನೋಡೋಕೆ ಅಂತ ಗಾಡಿ ನಿಲ್ಲಿಸೋರು ಎಷ್ಟು ಜನವೋ ಕಾಣೆ. ನಾನು ಒಮ್ಮೆ ಗೆಳೆಯನೊಬ್ಬನನ್ನು ಬಲವಂತ ಮಾಡಿ ಇಳಿಸಿದ್ದೆ. ಹತ್ತು ನಿಮಿಷ ಸುತ್ತಾಡಿ ಅವನು ಕೇಳಿದ್ದು, "ಇಲ್ಲಿ ನೋಡೋಕೆ ಏನಿದೆಯೋ ಮಾರಾಯ?"

ನಿಜ, ನೋಡೋಕೆ ಏನೂ ಇಲ್ಲ. ಒಂದು ಬೂದು ಬಣ್ಣದ ದಿಬ್ಬ, ಮೇಲೆ ಹುಲ್ಲು, ಜಾಲಿ. ಕೆದಕಿದರೆ ಕೆಲವು ಕಡೆ ಹಿಟ್ಟಿನ ಹಾಗೆ ಮೆತ್ತನೆ ಬೂದಿ, ಕೆಲವು ಕಡೆ ಕರಗಿ ಗಟ್ಟಿಯಾದ, ಗುಳ್ಳೆಗುಳ್ಳೆಯ, ಗಾಜಿನಂಥ ಕಿಟ್ಟ. ಕೈಗೆತ್ತಿಕೊಂಡರೆ ಅನುಮಾನ ಬರುವಷ್ಟು ಹಗುರ. ಅಲ್ಲೇ ಆಡು ಮೇಯಿಸುತ್ತಿದ್ದ ಒಬ್ಬ ಅಜ್ಜ ನಮ್ಮನ್ನು ನೋಡಿ ನಕ್ಕು, "ತಮ್ಮಾ, ಅದು ಹಿಡಿಂಬನ್ನ ಸುಟ್ಟ ಬೂದಿ" ಅಂದ. ಭೀಮ ರಾಕ್ಷಸನನ್ನು ಕೊಂದು ಇಲ್ಲೇ ಸುಟ್ಟನಂತೆ. ಹಂಪಿಯ ಹತ್ತಿರ ನಿಂಬಾಪುರದಲ್ಲೂ ಇಂಥದ್ದೇ ಒಂದು ಬೂದಿ ದಿಬ್ಬ ಇದೆ. ಅದು ಕಿಷ್ಕಿಂಧೆಯ ಸೀಮೆ ಅಲ್ಲವಾ, ಹಾಗಾಗಿ ಅಲ್ಲಿಯವರ ಪ್ರಕಾರ ಅದು ವಾಲಿಯನ್ನು ಸುಟ್ಟ ಜಾಗ. ಅಷ್ಟೊಂದು ಬೂದಿ ಬೀಳಬೇಕಾದರೆ ಸುಟ್ಟ ದೇಹ ಸಾಮಾನ್ಯದ್ದಾಗಿರಲಿಕ್ಕಿಲ್ಲ ಅನ್ನೋದು ತರ್ಕ. ತಪ್ಪೇನಿಲ್ಲ ನೋಡಿ.

ಅಜ್ಜನ ಮಾತಿಗೆ ನಗೋಕೆ ಮುಂಚೆ ದೊಡ್ಡ ದೊಡ್ಡ ಸಾಹೇಬರು ಏನು ಹೇಳಿದ್ದರು ಅಂತ ಕೇಳಿ. ಹತ್ತೊಂಬತ್ತನೇ ಶತಮಾನದಿಂದ ಇದರ ಬಗ್ಗೆ ಬರೆದವರಲ್ಲಿ ಜ್ವಾಲಾಮುಖಿ ಅಂದವರು ಇದ್ದಾರೆ, ಯುದ್ಧದಲ್ಲಿ ಸತ್ತವರನ್ನು ಒಟ್ಟಿಗೆ ಸುಟ್ಟ ಜಾಗ ಅಂದವರು ಇದ್ದಾರೆ, ಯಜ್ಞ, ನರಬಲಿ ಅಂದವರೂ ಇದ್ದಾರೆ, ಕಬ್ಬಿಣ ಕರಗಿಸಿದ ಕಿಟ್ಟ ಅಂದವರೂ ಇದ್ದಾರೆ. ಸರಿಯಾದ ಜಾಡು ಹಿಡಿದದ್ದು ರಾಬರ್ಟ್ ಬ್ರೂಸ್ ಫೂಟ್. ಭೂವಿಜ್ಞಾನ ಇಲಾಖೆಯ ಮನುಷ್ಯ. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧ ಹೆಕ್ಕಿ, ಈ ದೇಶದಲ್ಲೂ ಆದಿಮಾನವ ಇದ್ದ ಅಂತ ತೋರಿಸಿದವನು. ಬಂಡೆ, ಮಣ್ಣು ಓದಿದ ಕಣ್ಣು ಅದು. ಇದು ದನದ ದೊಡ್ಡಿಯ ಸಗಣಿ ಸುಟ್ಟು ಆದದ್ದು ಅಂತ ಅವನು ಹೇಳಿದ. ಆದರೆ ಅಷ್ಟು ಸಾದಾ ಉತ್ತರ ಎಲ್ಲರಿಗೂ ರುಚಿಸಲಿಲ್ಲ, ವಾದ ನಡೀತಾನೇ ಇತ್ತು.

ವಾದ ಮುಗಿಸಿದ್ದು ಎರಡು ಕೆಲಸ. ಒಂದು, 1960ರ ಸುಮಾರಿಗೆ ಲಂಡನ್ನಿನಲ್ಲಿ ಜ್ಯೂನರ್ ಅನ್ನುವವರು ಕುಡತಿನಿಯ ಬೂದಿಯನ್ನು ಪರೀಕ್ಷೆ ಮಾಡಿ ಇದು ಸಗಣಿಯೇ ಅಂತ ಖಚಿತಪಡಿಸಿದ್ದು. ಇನ್ನೊಂದು, 1957ರಲ್ಲಿ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಮಾಡಿದ ಉತ್ಖನನ. ಬೂದಿಯ ಪದರಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋದಾಗ ಬೇಲಿಗೆ ನೆಟ್ಟ ಮರದ ಗೂಟಗಳ ಕುಳಿಗಳು ಸಾಲಾಗಿ ಸಿಕ್ಕವು. ಬೇಲಿಯ ಒಳಗಿನ ನೆಲದಲ್ಲಿ ದನದ ಗೊರಸಿನ ಗುರುತುಗಳು!

ಈ ಸಾಲು ಮೊದಲ ಸಲ ಓದಿದಾಗ ಪುಸ್ತಕ ಪಕ್ಕಕ್ಕಿಟ್ಟು ಸುಮ್ಮನೆ ಕೂತಿದ್ದೆ. ಸಾಮ್ರಾಜ್ಯಗಳು ಬಂದವು, ಹೋದವು. ಎಂತೆಂಥ ಕೋಟೆ ಬಿದ್ದುಹೋದವು. ಒಂದು ದಿನ ದೊಡ್ಡಿಯೊಳಗೆ ಕಾಲಿಟ್ಟ ಯಾವುದೋ ಹಸುವಿನ ಹೆಜ್ಜೆ ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಉಳಿದುಕೊಂಡಿತ್ತು.

ಸರಿ, ಸಗಣಿ ಅನ್ನೋದು ಗೊತ್ತಾಯ್ತು. ಯಾಕೆ ಸುಟ್ಟರು? ನನ್ನ ತಲೆ ತಿಂದ ಪ್ರಶ್ನೆ ಇದೇ. ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು, ಸಗಣಿಯನ್ನು ಯಾರೂ ದಂಡ ಮಾಡೋದಿಲ್ಲ. ಅಂಗಳ ಸಾರಿಸೋದಕ್ಕೆ ಸಗಣಿ, ಒಲೆಗೆ ಕುಳ್ಳು, ಹೊಲಕ್ಕೆ ತಿಪ್ಪೆ ಗೊಬ್ಬರ, ಹಣೆಗೆ ವಿಭೂತಿ. ದಾರಿಯಲ್ಲಿ ಬಿದ್ದ ಸಗಣಿಯನ್ನೂ ಬುಟ್ಟಿಗೆ ಬಳಿದುಕೊಂಡು ಬರುತ್ತಿದ್ದ ಹೆಂಗಸರನ್ನು ನೋಡಿ ಬೆಳೆದವನು ನಾನು. ಅಂಥದ್ದರಲ್ಲಿ ಇಡೀ ದೊಡ್ಡಿಯ ಸಗಣಿಯನ್ನು ಗುಡ್ಡೆ ಹಾಕಿ, ಅಡುಗೆ ಇಲ್ಲ, ಹೊಲ ಇಲ್ಲ, ಕಿಟ್ಟ ಕರಗುವಷ್ಟು ಬೆಂಕಿ ಹಚ್ಚೋದು ಅಂದರೆ ಇದ್ದ ಬದುಕನ್ನೇ ಸುಟ್ಟ ಹಾಗೆ ಅಲ್ಲವಾ?

ಉಣುಗು, ನೊಣ, ರೋಗ ಹೋಗಲಿ ಅಂತ ಸುಟ್ಟಿರಬಹುದು ಅನ್ನೋದು ಒಂದು ವಿವರಣೆ. ಆಲ್ಚಿನ್ ಇದನ್ನು ಹಬ್ಬದ ಬೆಂಕಿ ಅಂದರು. ವರ್ಷದ ಯಾವುದೋ ಸಂದಿಯಲ್ಲಿ, ದನಗಳನ್ನು ಮೇವಿಗೆ ಹೊರಡಿಸುವಾಗಲೋ ವಾಪಸು ತರುವಾಗಲೋ ಹಚ್ಚುತ್ತಿದ್ದ ಬೆಂಕಿ. ಈಚಿನ ಕೆಲವು ವಿದ್ವಾಂಸರು ಇನ್ನೂ ಮುಂದೆ ಹೋಗಿ, ದಿಬ್ಬ ಕಾಣಲಿ ಅಂತಲೇ ಎತ್ತರಿಸಿದ್ದು, ಅದು ಆ ಜನರ ಸ್ಮಾರಕ ಅನ್ನುತ್ತಾರೆ. ಬಯಲು ಸೀಮೆಯ ರಾತ್ರಿಯಲ್ಲಿ ಇಂಥ ಒಂದು ಬೆಂಕಿ ಎಷ್ಟು ಹರದಾರಿ ದೂರಕ್ಕೆ ಕಂಡಿರಬೇಕು, ಯೋಚನೆ ಮಾಡಿ. ಯಾರಿಗೆ ಎಷ್ಟು ದನ ಇದೆ ಅಂತ ಸುತ್ತಲಿನವರಿಗೆಲ್ಲ ಗೊತ್ತಾಗೋದಕ್ಕೆ ಬೇರೆ ಡಂಗುರ ಬೇಡ.

ಆ ಜನ ಹೇಗಿದ್ದರು ಅನ್ನೋದು ಚೆನ್ನಾಗಿ ಗೊತ್ತಾಗಿದ್ದು ಸುರಪುರ ಸೀಮೆಯ ಬೂದಿಹಾಳದಲ್ಲಿ. ಊರಿನ ಹೆಸರಲ್ಲೇ ಬೂದಿ ಇದೆ ನೋಡಿ! ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ಅಲ್ಲಿ ವರ್ಷಗಟ್ಟಲೆ ಅಗೆಸಿದರು. ದಿಬ್ಬ ಬರೀ ಕಾಡೊಳಗಿನ ದೊಡ್ಡಿ ಆಗಿರಲಿಲ್ಲ. ಪಕ್ಕದಲ್ಲೇ ಮನೆಗಳು, ಕಲ್ಲಿನ ಚೂರಿ-ಅಲಗು ಮಾಡುವ ಜಾಗ, ದನ ಕಟ್ಟುವ ನೆಲ. ಮನೆಗಳ ನಡುವೆ ಮಡಕೆಗಳಲ್ಲಿ ಹೂತ ಎಳೆ ಮಕ್ಕಳು. ಸತ್ತ ಕೂಸನ್ನು ಊರಾಚೆ ಬಿಟ್ಟುಬರೋಕೆ ಮನಸ್ಸಾಗದೆ ಹತ್ತಿರವೇ ಇಟ್ಟುಕೊಂಡರೇನೋ ಅಂತ ನನಗನ್ನಿಸಿತು. ನಾನು ಪುರಾತತ್ವಜ್ಞ ಅಲ್ಲ, ಹಾಗನ್ನಿಸಿತು, ಅಷ್ಟೆ.

ಅಲ್ಲೇ ಇನ್ನೊಂದೂ ಸಿಕ್ಕಿತು. ದನ ಕಡಿದು ಹಂಚುತ್ತಿದ್ದ ನೆಲ, ಮೂಳೆಗಳ ರಾಶಿ. ಈ ಕಾಲದ ಬಹುತೇಕ ನೆಲೆಗಳಲ್ಲಿ ಸಿಗುವ ಮೂಳೆಗಳಲ್ಲಿ ದನದ್ದೇ ಹೆಚ್ಚು. ಬಂಡೆಯ ಮೇಲೆ ಉದ್ದ ಕೊಂಬಿನ, ಹಿಣಿಲೆತ್ತಿದ ಗೂಳಿಗಳನ್ನು ಅಷ್ಟು ಪ್ರೀತಿಯಿಂದ ಕೆತ್ತಿದವರು, ಸಗಣಿಗೂ ಹಬ್ಬ ಮಾಡಿದವರು, ದನವನ್ನು ತಿನ್ನುತ್ತಲೂ ಇದ್ದರು. ಇದನ್ನು ಬರೆದರೆ ಕೆಲವರಿಗೆ ಕಸಿವಿಸಿ ಆಗುತ್ತೆ ಅಂತ ಗೊತ್ತು. ಆದರೆ ನಮಗೆ ಬೇಕಾದ ಮೂಳೆ ಆರಿಸಿಕೊಂಡು ಬೇಡವಾದದ್ದನ್ನು ಮಣ್ಣಿಗೆ ವಾಪಸು ಹಾಕೋಕೆ ಆಗಲ್ಲವಲ್ಲ. ಅವರಿಗೆ ಪೂಜಿಸೋದು, ತಿನ್ನೋದು ಎರಡು ಬೇರೆ ಬೇರೆ ಲೋಕ ಆಗಿರಲಿಲ್ಲ. ಹಿರಿಯರು ಅಂತ ಒಪ್ಪಿಕೊಳ್ಳೋದಾದರೆ ಪೂರ್ತಿ ಒಪ್ಪಿಕೊಳ್ಳಬೇಕು.

ಮತ್ತೆ ಊಟಕ್ಕೆ? ಆ ಕಾಲದ ನೆಲೆಗಳ ಮಣ್ಣು ಸೋಸಿ ಕರಿಕಾದ ಕಾಳುಗಳನ್ನು ಹೆಕ್ಕಿದ್ದಾರೆ. ಹುರುಳಿ, ಹೆಸರು, ಕೊರಲೆ. ನಿನ್ನೆ ರಾತ್ರಿ ನಮ್ಮನೆಯಲ್ಲಿ ಹುರುಳಿ ಸಾರು. ಅರಮನೆಯ ಅಡುಗೆಗಳೆಲ್ಲ ಮರೆತುಹೋಗಿವೆ, ದನಗಾಹಿಯ ಕಾಳು ಮಾತ್ರ ಇನ್ನೂ ಬೇಯ್ತಾ ಇದೆ.

ಈಗ ಹಬ್ಬದ ವಿಷಯಕ್ಕೆ ಬರ್ತೀನಿ. ಮಂಡ್ಯ, ಮೈಸೂರು ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಸಂಕ್ರಾಂತಿ ಸಂಜೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ದಾರಿಗಡ್ಡ ಹುಲ್ಲು ಹರಡಿ ಬೆಂಕಿ ಹಚ್ಚಿ ಕಿಚ್ಚು ಹಾಯಿಸೋದು. ಯಾಕೆ ಅಂದರೆ ಅಲ್ಲಿನ ಹಿರಿಯರು ಹೇಳೋದು, "ಉಣುಗು ಸಾಯ್ತವೆ, ರಾಸುಗೆ ರೋಗ ಬರಲ್ಲ." ಬೂದಿ ದಿಬ್ಬದ ಬಗ್ಗೆ ವಿದ್ವಾಂಸರು ಹೇಳಿದ್ದೂ ಹೆಚ್ಚು ಕಮ್ಮಿ ಇದೇ! ನಮ್ಮ ಉತ್ತರ ಕರ್ನಾಟಕದಲ್ಲಿ ದೀಪಾವಳಿ ಪಾಡ್ಯದ ದಿನ ಸಗಣಿಯಿಂದ ಪುಟ್ಟ ಪುಟ್ಟ ಗೋಪುರದಂಥ ಮೂರ್ತಿ ಮಾಡಿ, ಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿ ಬಾಗಿಲಲ್ಲಿ ಇಡ್ತಾರೆ. ಅವಕ್ಕೆ ಹೆಸರು ಪಾಂಡವರು. ಬೂದಿಗೆ ಹಿಡಿಂಬ, ಸಗಣಿಗೆ ಪಾಂಡವರು. ಏನು ಕತೆಯಪ್ಪಾ ಇದು ಅನ್ನಿಸುತ್ತೆ.

ಸಂಕ್ರಾಂತಿಯ ಕಿಚ್ಚು ಆ ಬೆಂಕಿಯ ನೇರ ಮೊಮ್ಮಗ ಅಂತ ನಾನು ಸಾಧಿಸೋಕೆ ಹೊರಟಿಲ್ಲ. ನಡುವೆ ಸಾವಿರಾರು ವರ್ಷ ಇದೆ. ದನ ಮತ್ತು ಬೆಂಕಿಯನ್ನು ಹಬ್ಬದಲ್ಲಿ ಜೊತೆಗಿಡುವ ಆಚಾರಗಳನ್ನು ಆಲ್ಚಿನ್ ಅವರೇ ಹೋಳಿ, ದೀಪಾವಳಿ, ಪೊಂಗಲ್ ಅಂತ ಹೋಲಿಸಿ ನೋಡಿದ್ದರು, ಅಷ್ಟೆ. ಆದರೆ ದನ ಸಾಕುವವನ ಭಯ ಬದಲಾಗಿಲ್ಲ, ಆ ಭಯಕ್ಕೆ ಅವನು ಕಂಡುಕೊಂಡ ಮದ್ದೂ ಬದಲಾಗಿಲ್ಲ ಅನ್ನೋದಂತೂ ಕಾಣುತ್ತೆ. ನಮ್ಮ ಮಾತೂ ಹಾಗೇ. ಹಟ್ಟಿ ಅಂದರೆ ದನ ಕಟ್ಟುವ ಜಾಗವೂ ಹೌದು, ಜನ ಇರುವ ಊರೂ ಹೌದು. ದೊಡ್ಡಿಯೂ ಹಾಗೇ. ನಮ್ಮ ಊರುಗಳ ಹೆಸರಲ್ಲಿ ಎಷ್ಟು ಹಟ್ಟಿ, ಎಷ್ಟು ದೊಡ್ಡಿ ಎಣಿಸಿ ನೋಡಿ. ಮೊದಲು ದನಕ್ಕೆ ಜಾಗ, ಆಮೇಲೆ ಮನುಷ್ಯನಿಗೆ.

ಸಂಕಟ ಏನೆಂದರೆ, ಈ ದಿಬ್ಬಗಳು ಕರಗ್ತಾ ಇವೆ. ಮಳೆಗಿಂತ ಹೆಚ್ಚು ನಮ್ಮ ಕೈಯಿಂದ. ಬೂದಿ ಒಳ್ಳೆ ಗೊಬ್ಬರ, ಗಾಡಿಗಟ್ಟಲೆ ಹೊಲಕ್ಕೆ ಹೋಗಿದೆ. ರೈತನ ಮೇಲೆ ಸಿಟ್ಟು ಮಾಡ್ಕೊಳ್ಳೋಕೂ ಆಗಲ್ಲ. ಅವನ ಪಾಲಿಗೆ ಹೊಲದ ಅಂಚಿನಲ್ಲಿ ಬಿದ್ದಿರೋ ಬೂದಿ ಅದು, ಬೇರೆ ಥರ ಯಾರೂ ಅವನಿಗೆ ಹೇಳಿಲ್ಲ. ಬಳ್ಳಾರಿಯ ಮಗ್ಗುಲಲ್ಲೇ ಸಂಗನಕಲ್ಲು, ಕುಪಗಲ್ಲು ಗುಡ್ಡಗಳಿವೆ. ಆ ಕಾಲದವರು ಕಲ್ಲು ಕೊಡಲಿ ಮಾಡುತ್ತಿದ್ದ ಕಾರ್ಖಾನೆಯೇ ಅಲ್ಲಿತ್ತು. ಅಲ್ಲಿನ ಕರಿಬಂಡೆಗಳ ಮೇಲೆ ನೂರಾರು ಗೂಳಿಗಳ ಕೆತ್ತನೆ. ಕೆಲವು ಬಂಡೆಗಳಂತೂ ಕಲ್ಲಿನಿಂದ ತಟ್ಟಿದರೆ ಗಂಟೆಯ ಹಾಗೆ ದನಿ ಕೊಡುತ್ತವೆ. ತಟ್ಟಿ ತಟ್ಟಿ ಕುಳಿ ಬಿದ್ದ ಗುರುತೂ ಇದೆ. ಅದರ ಪಕ್ಕದಲ್ಲೇ ಜಲ್ಲಿಗೆ ಅಂತ ಗುಡ್ಡ ಒಡೆದದ್ದೂ ಆಗಿದೆ. ನಾಲ್ಕು ಸಾವಿರ ವರ್ಷ ಹಾಡಿದ ಕಲ್ಲು ಯಾರದೋ ಕಾಂಕ್ರೀಟಿಗೆ! ಸಮಾಧಾನ ಅಂದರೆ ಫೂಟ್ ಹೆಸರಿನಲ್ಲಿ ಬಳ್ಳಾರಿಯಲ್ಲೇ ಒಂದು ಒಳ್ಳೆ ವಸ್ತುಸಂಗ್ರಹಾಲಯ ಆಗಿದೆ. ಆ ಕಡೆ ಹೋದರೆ ತಪ್ಪದೆ ನೋಡಿ.

ದೇವಸ್ಥಾನ ಬಿದ್ದರೆ ನಾಲ್ಕು ಜನ ಕೂಗಾಡ್ತಾರೆ. ಕೋಟೆಗೆ ಒಬ್ಬ ರಾಜನ ಹೆಸರಿದೆ, ಅವನ ಕಡೆಯವರು ಅಂತ ಯಾರಾದರೂ ಇರ್ತಾರೆ. ಬೂದಿಗೆ ಯಾರೂ ಇಲ್ಲ. ಶಾಸನ ಇಲ್ಲ, ಹೆಸರಿಲ್ಲ, ಜಾತಿ ಇಲ್ಲ. ಆ ಜನರಿಗೆ ಅಕ್ಷರವೇ ಇರಲಿಲ್ಲ. ಅವರು ನಮಗಾಗಿ ಬಿಟ್ಟುಹೋದ ಬರಹ ಅಂದರೆ ಈ ಬೂದಿಯ ಪದರಗಳೇ.

ನಿಮ್ಮೂರ ಸುತ್ತ ಇಂಥ ದಿಬ್ಬ ಇದ್ದರೆ, ಅದಕ್ಕೆ ಹಿಡಿಂಬನದೋ ವಾಲಿಯದೋ ಇನ್ಯಾರದೋ ಕತೆ ಇದ್ದರೆ ದಯವಿಟ್ಟು ಬರೀರಿ. ಒಂದು ಫೋಟೋ ತೆಗೆದು ಹಾಕಿ. ಯಾರಾದರೂ ನಿಮ್ಮ ಜೊತೆ ಬಂದು "ಇಲ್ಲಿ ನೋಡೋಕೆ ಏನಿದೆ" ಅಂತ ಕೇಳಿದರೆ ಗೊರಸಿನ ಗುರುತಿನ ಕತೆ ಹೇಳಿ.