ಋಣದ ಮರ

ಕೆಲವು ವರ್ಷಗಳ ಹಿಂದೆ ಮಗನ ಮನೆಯಲ್ಲಿ ಮೂರು ತಿಂಗಳಿರಲೆಂದು ಅಮೆರಿಕದ ಬಾಸ್ಟನ್ ನಗರಕ್ಕೆ ಹೋಗಿದ್ದೆನು. ಡಿಸೆಂಬರಿನ ಮೊದಲಲ್ಲಿ ಒಂದು ಸಂಜೆ, "ಮರಕ್ಕೆ ದೀಪ ಹಚ್ಚುತ್ತಾರೆ, ಬಾರಮ್ಮ" ಎಂದು ಮಗನು ಕರೆದನು. ಕಾರ್ತಿಕದಲ್ಲಿ ದೀಪಮಾಲೆಯ ಕಂಬಕ್ಕೆ ಬತ್ತಿ ಹೊಸೆದು ಬೆಳೆದ ನನಗೆ, ಗುಂಡಿಯೊತ್ತಿ ಬೆಳಗಿಸುವ ಮರದಲ್ಲಿ ಏನು ವಿಶೇಷ ಕಂಡೀತು? ಮೊಮ್ಮಗಳು ಕೈಹಿಡಿದೆಳೆದುದರಿಂದ ಹೊರಟೆನು.

ಬಾಸ್ಟನ್ ಕಾಮನ್ ಎಂಬ ಹಳೆಯ ಬಯಲಿನಲ್ಲಿ ಜನ ಕಿಕ್ಕಿರಿದಿತ್ತು. ನಡುವೆ ತೇರಿನಂತೆ ನಿಂತ ಮರ. ಅದು ಆ ನಾಡಿನದಲ್ಲ, ಕೆನಡಾದ ನೋವಾ ಸ್ಕೋಷಾ ಪ್ರಾಂತ್ಯದವರ ಕಾಣಿಕೆ ಎಂದು ಮಗನು ತಿಳಿಸಿದನು.

1917ರ ಡಿಸೆಂಬರ್ 6ರ ಬೆಳಗ್ಗೆ ಆ ಪ್ರಾಂತ್ಯದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ, ಸಿಡಿಮದ್ದು ತುಂಬಿದ್ದ ಫ್ರೆಂಚ್ ಹಡಗೊಂದಕ್ಕೆ ನಾರ್ವೆಯ ಹಡಗು ತಾಗಿ ಬೆಂಕಿ ಹತ್ತಿತಂತೆ. ಉರಿಯನ್ನು ನೋಡಲು ಜನರು ಕಿಟಕಿಗಳಲ್ಲಿ ನಿಂತರು. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಹಡಗು ಸಿಡಿಯಿತು. ಹೆಚ್ಚುಕಡಿಮೆ 2,000 ಜನ ಮಡಿದರು, ಗಾಯಗೊಂಡವರು 9,000. ಗಾಜಿನ ಚೂರು ಹೊಕ್ಕು ಕಣ್ಣು ಕಳೆದುಕೊಂಡವರ ದುಃಖವನ್ನು ಏನೆನ್ನಲಿ! ಅಂದು ರಾತ್ರಿಯೇ ಬಾಸ್ಟನ್ನಿನಿಂದ ವೈದ್ಯರನ್ನೂ ದಾದಿಯರನ್ನೂ ಔಷಧಗಳನ್ನೂ ಹೊತ್ತ ರೈಲು ಹೊರಟು, ಹಿಮದ ಬಿರುಗಾಳಿಯಲ್ಲಿ ತಡೆತಡೆದು 8ರಂದು ತಲಪಿತು. ಮರುವರ್ಷ ಹ್ಯಾಲಿಫ್ಯಾಕ್ಸಿನವರು ಕೃತಜ್ಞತೆಯಿಂದ ಒಂದು ಮರವನ್ನು ಕಳುಹಿಸಿದರು. ಆಮೇಲೆ ನಿಂತುಹೋದ ಆ ಕಾಣಿಕೆ 1971ರಲ್ಲಿ ಮತ್ತೆ ಮೊದಲಾಗಿ ವರ್ಷವರ್ಷವೂ ಬರುತ್ತಿದೆ. ಇದರಲ್ಲಿ ಅವರ ಮರದ ವ್ಯಾಪಾರದ ಹಿತವೂ ಉಂಟೆಂದು ಮಗನ ಕೊಂಕು. ಉಂಟಾದರೆ ಇರಲಿ.

ಐವತ್ತಮೂರು ವರ್ಷ ಮೌನವಾಗಿದ್ದು ಮತ್ತೆ ನೆನೆದವರು! ನನ್ನ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ನಮ್ಮ ಯಜಮಾನರು ವಿಷಮಜ್ವರದಲ್ಲಿ ಮಲಗಿದ್ದಾಗ ನೆರೆಮನೆಯಾಕೆ ಇಪ್ಪತ್ತು ದಿನ ನಮ್ಮ ಮಕ್ಕಳಿಗೆ ಅನ್ನವಿಕ್ಕಿದ್ದಳು. ಮುಂದೆ ಒಂದು ಮೋರಿಯ ನೀರಿನ ಜಗಳದಲ್ಲಿ ಮಾತು ನಿಂತಿತು. ತಪ್ಪು ನನ್ನದೇ ಹೆಚ್ಚು. ಆಕೆ ತೀರಿಕೊಂಡ ದಿನವೂ ನಾನು ಹೊಸಿಲು ದಾಟಲಿಲ್ಲ.

ಒಮ್ಮೆಲೇ ಮರವೆಲ್ಲ ಬೆಳಗಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನನಗೆ ಕಣ್ಣು ಮಂಜಾಗಿ ದೀಪಗಳೆಲ್ಲ ಒಂದಾಗಿ ಕಂಡವು. ಚಳಿಗೆ ನೀರು ಬಂತೆಂದು ಹೇಳಿದೆನು.

ಊರಿಗೆ ಮರಳಿದ ಮೂರನೆಯ ದಿನ ತೆಂಗಿನಕಾಯಿ, ರವಿಕೆಯ ಕಣಗಳೊಡನೆ ನೆರೆಮನೆಯ ಬಾಗಿಲು ತಟ್ಟಿದೆನು. ಆಕೆಯ ಸೊಸೆ ಬೆರಗಾಗಿ, "ಏನಜ್ಜಿ, ಇವೊತ್ತು ಏನು ಹಬ್ಬ?" ಎಂದಳು. ಎಲ್ಲಿಂದ ಹೇಳಬೇಕೆಂದು ತೋಚದೆ, ಹಡಗಿನ ಕಥೆಯಿಂದಲೇ ಆರಂಭಿಸಿದೆನು.