ಅತ್ತೆಮ್ಮನ ಎದೆಗೆ ಕೊಟ್ಟ ಔಷ್ದಿ

ನಮ್ಮತ್ತೆ ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ಗೂಡು ಬೇಯಿಸೋ ಹಬೆ ಮುಂದೆ ಕೂತು ನೂಲು ತೆಗೆದೋರು. ಎದೆ ಮೊದ್ಲಿಂದ್ಲೂ ಅಷ್ಟಕ್ಕಷ್ಟೆ. ಹೋದ ವರ್ಷ ಉಬ್ಬಸ ಜಾಸ್ತಿಯಾಗಿ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ವಲ್ಲ, ನೀವೆಲ್ಲ ಫೋನ್ ಮಾಡಿ ಕೇಳ್ತಾನೇ ಇದ್ರಿ. ಆವಾಗ ಹೇಳಕ್ಕಾಗ್ಲಿಲ್ಲ, ಈಗ ಹೇಳ್ತೀನಿ.

ವೆಂಟಿಲೇಟರ್ ಹಾಕಿ ಆರನೇ ದಿನಕ್ಕೆ ಮತ್ತೆ ಜ್ವರ ಬಂತು. ಗಂಟ್ಲಲ್ಲಿ ಕೊಳವೆ ಇದ್ರೆ ಕೆಮ್ಮಿ ಕಫ ಉಗಿಯಕ್ಕಾಗಲ್ಲ, ಬಾಯಲ್ಲಿರೋ ಕ್ರಿಮಿ ಕೊಳವೆ ಪಕ್ಕದಲ್ಲೇ ಎದೆಗೆ ಇಳೀತದೆ. ಕಫ ಪರೀಕ್ಷೆ ಮಾಡಿದ್ರೆ ಅಸಿನೆಟೊಬ್ಯಾಕ್ಟರ್ ಅಂತ ಬಂತು. ಮಾಮೂಲಿ ಔಷ್ದಿ ಯಾವ್ದೂ ಅದಕ್ಕೆ ನಾಟಲ್ಲ, ಉಳಿದಿರೋದು ಕೊಲಿಸ್ಟಿನ್, ಅದು ಕಿಡ್ನಿಗೆ ಪೆಟ್ಟು ಕೊಡಬಹುದು ಅಂದ್ರು ಡಾಕ್ಟ್ರು. ನಾಳಕ್ಕೆ ಕೊಡೋದ್ರ ಜೊತೆಗೆ ಉಸಿರಿನ ಕೊಳವೆಗೇ ನೆಬ್ಯುಲೈಸರ್ ಸೇರಿಸಿ ಮಂಜಿನ ಥರ ಕೊಡ್ತೀವಿ ಅಂತ ಸಹಿ ಕೇಳಿದ್ರು. ನಮ್ಮನೆಯವ್ರ ಕೈ ನಡುಗ್ತಿತ್ತು, ನಾನೇ ಹಾಕಿದೆ.

ನಾಳದ ಔಷ್ದಿ ಮೈಯೆಲ್ಲ ಸುತ್ತಿ ಎದೆಗೆ ಕೊಂಚವೇ ಸೇರ್ತದಂತೆ. ಮಂಜಾದ್ರೆ ಸೀದಾ ಕಾಯಿಲೆ ಇರೋ ಜಾಗಕ್ಕೆ, ರಕ್ತಕ್ಕೆ ಹೋಗೋದು ಕಮ್ಮಿ. ಹಂಗಂತ ಗ್ಯಾರಂಟಿ ಇಲ್ಲ ಕಣ್ರೇ, ಡಾಕ್ಟ್ರುಗಳಲ್ಲೇ ಒಮ್ಮತ ಇಲ್ಲ. ಫ್ರಾನ್ಸಿನಲ್ಲಿ ವೆಂಟಿಲೇಟರ್ ಮೇಲಿದ್ದೋರಿಗೆ, ಕಾಯಿಲೆ ಬರೋಕ್ಮುಂಚೆ, ಮೂರು ದಿನ ಅಮಿಕಾಸಿನ್ ಅನ್ನೋ ಔಷ್ದಿ ಹಿಂಗೇ ಕೊಟ್ಟು ನೋಡಿದ್ರು. ನ್ಯುಮೋನಿಯಾ ಬಂದೋರು ನೂರಕ್ಕೆ 22ರ ಬದ್ಲು 15 ಆದ್ರು ಅಂತ 2023ರಲ್ಲಿ ಪ್ರಕಟವಾಯ್ತು. ಆದ್ರೆ ಸಾವು ಕಮ್ಮಿಯಾಯ್ತು ಅಂತ ಅದ್ರಲ್ಲಿ ಸಾಬೀತಾಗ್ಲಿಲ್ಲ.

ಅದೇ ಕೊಲಿಸ್ಟಿನ್ನು ಕೋಳಿ ಮೇವಿಗೂ ಬೆರೆಸ್ತಿದ್ರಂತೆ, ಬೇಗ ಕೊಬ್ಬಲಿ ಅಂತ! 2019ರಲ್ಲಿ ಸರ್ಕಾರ ಅದನ್ನ ನಿಲ್ಲಿಸ್ತು. ಕೇಳಿ ನಂಗೆ ಸಿಟ್ಟು ಬಂತು. ಆಮೇಲೆ ನಮ್ಮನೆ ಡಬ್ಬಿ ನೆನಪಾಯ್ತು. ಅತ್ತೆಗೆ ಕೆಮ್ಮು ಬಂದಾಗೆಲ್ಲ ಚೀಟಿ ಇಲ್ದೆ ಮಾತ್ರೆ ತಂದು, ಎರಡು ದಿನ ಕೊಟ್ಟು, ಮಿಕ್ಕಿದ್ದು ಎತ್ತಿಡ್ತಿದ್ದೋಳು ನಾನೇ. ಅದ್ರಿಂದ್ಲೇ ಹಿಂಗಾಯ್ತು ಅಂತ ಯಾರೂ ಅನ್ನಲಿಲ್ಲ. ಆದ್ರೂ ಐಸಿಯು ಬಾಗ್ಲಲ್ಲಿ ಕೂತಷ್ಟು ದಿನವೂ ಆ ಡಬ್ಬಿ ಕಣ್ಮುಂದೆ ಬರ್ತಿತ್ತು.

ಹನ್ನೊಂದನೇ ದಿನ ಕೊಳವೆ ತೆಗೆದ್ರು. ಮಂಜಿನಿಂದ್ಲೋ, ನಾಳದ ಔಷ್ದಿಯಿಂದ್ಲೋ, ದಿನಾ ಬಾಯಿ ಒರೆಸಿ, ತಲೆ ಎತ್ತರಿಸಿ ಮಲಗಿಸ್ತಿದ್ದ ನರ್ಸಮ್ಮಂದಿರಿಂದ್ಲೋ, ಯಾರು ಹೇಳ್ತಾರೆ? ಒರಟು ದನಿಯಲ್ಲಿ ಅತ್ತೆ ಕೇಳಿದ ಮೊದಲ್ನೇ ಮಾತು, "ಗೂಡಿನ ರೇಟು ಎಷ್ಟೇ?"

ಒಂದು ಮಾತು. ಇದನ್ನ ಓದಿ ಮನೇಲಿರೋ ನೆಬ್ಯುಲೈಸರ್‌ಗೆ ಮಾತ್ರೆ ಕರಗಿಸಿ ಹಾಕ್ಬೇಡಿ, ಎದೆ ಬಿಗಿದುಬಿಡ್ತದೆ. ಡಬ್ಬೀಲಿ ಮಿಕ್ಕಿರೋ ಮಾತ್ರೆ ಮಕ್ಕಳಿಗೂ ಕೊಡ್ಬೇಡಿ. ನಮ್ಮನೆ ಡಬ್ಬೀಲಿ ಈಗ ಸಾಸಿವೆ ಇದೆ.